ಎಂಪ್ರೆಸ್ ಗಿರಣಿಯ ಯಜಮಾನ

1877ನೆಯ ಇಸವಿಯ ಜನವರಿ 1ರಂದು ದೆಹಲಿಯಲ್ಲಿ ದೊಡ್ಡದೊಂದು ದರ್ಬಾರು ನೆರೆದಿತ್ತು. ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಅಂದಿನಿಂದ ಭಾರತದ ಚಕ್ರವರ್ತಿನಿ ಎಂದು ಸಾರುವುದಕ್ಕಾಗಿ ದೇಶದ ರಾಜಮಹಾರಾಜರೆಲ್ಲ ಅಲ್ಲಿಗೆ ಬಂದಿದ್ದರು. ಅದೇ ದಿನ, ದೆಹಲಿಗೆ ಬಹುದೂರದ ನಾಗಪುರದಲ್ಲಿ ಹೊಸದೊಂದು ಹತ್ತಿ ಗಿರಣಿ ತಿರುಗತೊಡಗಿತು. ದಿನದ ನೆನಪಿಗಾಗಿ ಅದಕ್ಕೆ ಎಂಪ್ರೆಸ್ ಗಿರಣಿ ಎಂದು ಹೆಸರಿಟ್ಟರು. ಎಂಪ್ರೆಸ್ ಎಂದರೆ ಚಕ್ರವರ್ತಿನಿ ಎಂದೇ ಅರ್ಥ. ದರ್ಬಾರಿನ ಡೇರೆಗಳನ್ನು ಕೆಲವು ದಿನಗಳಲ್ಲಿಯೇ ಕಿತ್ತರು. ಗಿರಣಿ ಮಾತ್ರ ನೂರು ವರ್ಷಕ್ಕೂ ಮೀರಿ ನೂಲು ತೆಗೆಯಿತು. ಅದನ್ನು ಕಟ್ಟಿದವರು ಜಮ್‌ಷೆಡ್‌ಜಿ ನಸರ್‌ವಾನ್‌ಜಿ ಟಾಟಾ. ಅಂದು ಅವರಿಗೆ ಮೂವತ್ತೇಳು ವರ್ಷ.

ಟಾಟಾ ಎಂಬ ಹೆಸರನ್ನು ಕೇಳದವರು ನಿಮ್ಮಲ್ಲಿ ಯಾರೂ ಇರಲಾರರು. ಉಕ್ಕು, ವಿದ್ಯುತ್ತು, ಲಾರಿ, ಉಪ್ಪು, ಹೀಗೆ ಆ ಹೆಸರು ಅನೇಕ ವಸ್ತುಗಳ ಮೇಲೆ ಅಚ್ಚಾಗಿದೆ. ಆದರೆ ಇಲ್ಲಿ ನಾನು ಹೇಳಹೊರಟಿರುವುದು ಜಮ್‌ಷೆಡ್‌ಜಿಯವರು ಗಳಿಸಿದ ಸಂಪತ್ತಿನ ಕಥೆಯನ್ನಲ್ಲ. ತಮ್ಮಲ್ಲಿ ಕೆಲಸಕ್ಕೆ ಬಂದ ಜನರನ್ನು ಅವರು ಹೇಗೆ ನಡೆಸಿಕೊಂಡರು, ಕೆಲಸ ಬಾರದವರಿಗೆ ಕೆಲಸವನ್ನು ಹೇಗೆ ಕಲಿಸಿದರು, ಕೆಲಸಕ್ಕೆ ಬರಲೊಲ್ಲದವರು ತಾವಾಗಿಯೇ ಬರುವಂತೆ ಏನು ಮಾಡಿದರು ಎಂಬುದನ್ನು ಹೇಳಬೇಕೆಂದಿದ್ದೇನೆ.

ಜಮ್‌ಷೆಡ್‌ಜಿಯವರು ಹುಟ್ಟಿದ್ದು 1839ನೆಯ ಇಸವಿ ಮಾರ್ಚ್ 3ರಂದು, ಗುಜರಾತಿನ ನವಸಾರಿ ಎಂಬ ಊರಿನಲ್ಲಿ. ಅವರದು ಪಾರ್ಸಿ ಪುರೋಹಿತರ ಮನೆತನ. ಹಲವು ತಲೆಮಾರುಗಳಿಂದ ಅಗ್ನಿದೇವಾಲಯದ ಪೂಜಾಕಾರ್ಯಗಳನ್ನು ನಡೆಸಿಕೊಂಡು ಬಂದಿದ್ದ ಆ ಮನೆಯಲ್ಲಿ ವ್ಯಾಪಾರಕ್ಕೆ ಕೈಹಾಕಿದ ಮೊದಲಿಗರು ತಂದೆ ನಸರ್‌ವಾನ್‌ಜಿ. ಬಾಲಕ ಜಮ್‌ಷೆಡ್‌ಜಿ ಮುಂಬಯಿಗೆ ಬಂದು ಎಲ್ಫಿನ್‌ಸ್ಟನ್ ವಿದ್ಯಾಲಯದಲ್ಲಿ ಓದಿದರು. 1858ರಲ್ಲಿ ವ್ಯಾಸಂಗ ಮುಗಿಸಿ ತಂದೆಯ ಅಂಗಡಿಯನ್ನು ಸೇರಿದರು. ಮರುವರ್ಷವೇ ಹಾಂಗ್‌ಕಾಂಗಿಗೆ ಪ್ರಯಾಣ. ಆ ದಿನಗಳಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತುಹೋಯಿತು. ಭಾರತದ ಹತ್ತಿಗೆ ಚಿನ್ನದ ಬೆಲೆ ಬಂದಿತು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿದು ಮುಂಬಯಿಯ ಎಷ್ಟೋ ವರ್ತಕರು ದಿವಾಳಿಯಾದರು. ಟಾಟಾ ಮನೆತನವೂ ಪೆಟ್ಟು ತಿಂದಿತು. ಆಗ ಲಂಡನ್ನಿನಲ್ಲಿದ್ದ ಇಪ್ಪತ್ತಾರರ ತರುಣ ಜಮ್‌ಷೆಡ್‌ಜಿ ಸಾಲ ಕೊಟ್ಟವರಿಂದ ತಲೆಮರೆಸಿಕೊಳ್ಳದೆ, ಅವರ ಮುಂದೆ ಲೆಕ್ಕವನ್ನೆಲ್ಲ ತೆರೆದಿಟ್ಟರು. ಸಾಲ ಕೊಟ್ಟವರು ಅವರ ಪ್ರಾಮಾಣಿಕತೆಯನ್ನು ಮೆಚ್ಚಿ, ಲೆಕ್ಕ ತೀರಿಸುವ ಕೆಲಸವನ್ನು ಅವರಿಗೇ ಒಪ್ಪಿಸಿದರು. ಕಳೆದುಕೊಂಡ ಹಣ ಮತ್ತೆ ಬಂದೀತು, ಕಳೆದುಕೊಂಡ ನಂಬಿಕೆ ಬರಲಾರದು ಎಂಬ ಪಾಠವನ್ನು ಅವರು ಅಲ್ಲಿಯೇ ಕಲಿತಿರಬೇಕೆಂದು ನನಗೆ ಅನ್ನಿಸುತ್ತದೆ. ಮುಂದೆ ಗಿರಣಿಯ ಕೂಲಿಕಾರರ ವಿಷಯದಲ್ಲಿ ಅವರು ನಡೆದುಕೊಂಡ ರೀತಿಗೆ ಇದರ ಹೊರತು ಬೇರೆ ವಿವರಣೆ ನನಗೆ ಕಾಣುವುದಿಲ್ಲ.

1868ರಲ್ಲಿ ಅವರು 21,000 ರೂಪಾಯಿ ಬಂಡವಾಳದಿಂದ ಸ್ವಂತ ವ್ಯಾಪಾರ ತೊಡಗಿದರು. ಮರುವರ್ಷ ಮುಂಬಯಿಯ ಚಿಂಚ್‌ಪೋಕ್ಲಿಯಲ್ಲಿ ದಿವಾಳಿ ತೆಗೆದಿದ್ದ ಎಣ್ಣೆ ಗಿರಣಿಯೊಂದನ್ನು ಕೊಂಡು, ಅದನ್ನು ಹತ್ತಿ ಗಿರಣಿಯಾಗಿ ಮಾರ್ಪಡಿಸಿ, ಎರಡು ವರ್ಷ ನಡೆಸಿ ಲಾಭಕ್ಕೆ ಮಾರಿದರು. ಬಳಿಕ ಇಂಗ್ಲೆಂಡಿಗೆ ಹೋಗಿ ಲ್ಯಾಂಕಾಷೈರಿನ ಗಿರಣಿಗಳ ಕೆಲಸವನ್ನು ಕಣ್ಣಾರೆ ಕಂಡು ಅಭ್ಯಾಸಮಾಡಿದರು. ನಮ್ಮ ದೇಶದ ಹತ್ತಿ ಆರು ಸಾವಿರ ಮೈಲಿಗೂ ಹೆಚ್ಚು ದೂರ ಹೋಗಿ ಬಟ್ಟೆಯಾಗಿ ಹಿಂದಿರುಗಿ ನಮ್ಮವರಿಗೇ ಮಾರಾಟವಾಗುತ್ತಿತ್ತು. ಹತ್ತಿ ಬೆಳೆಯುವ ನೆಲದಲ್ಲಿಯೇ ಗಿರಣಿ ಏಕೆ ಇರಬಾರದು? ಎಲ್ಲರೂ ಮುಂಬಯಿಯಲ್ಲಿ ಗಿರಣಿ ಕಟ್ಟುತ್ತಿದ್ದಾಗ ಅವರು ನಾಗಪುರವನ್ನು ಆರಿಸಿಕೊಂಡರು. ಸುತ್ತಲೂ ಹತ್ತಿಯ ಹೊಲಗಳು, ವರೋರದಲ್ಲಿ ಕಲ್ಲಿದ್ದಲು, ಊರಿಗೆ ರೈಲುದಾರಿ. 1874ರಲ್ಲಿ 15 ಲಕ್ಷ ರೂಪಾಯಿ ಬಂಡವಾಳದ ಕಂಪೆನಿಯೊಂದು ಸ್ಥಾಪನೆಯಾಯಿತು.

ಗಿರಣಿಗೆಂದು ಕೊಂಡ ಜಾಗ ಕೆರೆಯ ಬಳಿಯ ಜೌಗು ನೆಲ. ಅದನ್ನು ಮಣ್ಣು ಹಾಕಿ ತುಂಬಿಸಬೇಕಾಗಿತ್ತು. ಊರಿನ ಸಾಹುಕಾರನೊಬ್ಬನನ್ನು ಹಣ ಕೇಳಿದಾಗ, ಚಿನ್ನವನ್ನು ಹಳ್ಳಕ್ಕೆ ಸುರಿಯುವವನಿಗೆ ಸಾಲವೇ ಎಂದು ಆತ ನಕ್ಕುಬಿಟ್ಟನಂತೆ. ಅನೇಕ ವರ್ಷಗಳ ತರುವಾಯ ಅದೇ ಮನುಷ್ಯ, ಟಾಟಾ ಸುರಿದದ್ದು ಮಣ್ಣನ್ನು, ತೆಗೆದದ್ದು ಚಿನ್ನವನ್ನು ಎಂದು ತನ್ನ ತಪ್ಪನ್ನು ಒಪ್ಪಿಕೊಂಡನೆಂದು ಹೇಳುತ್ತಾರೆ. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಮಣ್ಣನ್ನು ಚಿನ್ನಮಾಡಿದ ಕೈಗಳು ಯಾರವು ಎಂದು ಕೇಳುವವರು ಕಡಮೆ.

ಆ ಕೈಗಳನ್ನು ಹೊಂದಿಸುವುದೇ ಬಲು ಕಷ್ಟವಾಯಿತು. ನಾಗಪುರದ ಸುತ್ತಲಿನ ಜನ ರೈತಾಪಿ ಕೆಲಸ ಬಲ್ಲವರು. ಕೈಮಗ್ಗ ಬಲ್ಲವರೂ ಹೇರಳವಾಗಿದ್ದರು. ಆದರೆ ಗಿರಣಿಯ ಕೆಲಸದ ಜಾತಿಯೇ ಬೇರೆ. ಹೊಲದಲ್ಲಿ ಉಳುವವನು ಬಿಸಿಲೇರಿದಾಗ ಮರದ ನೆರಳಿಗೆ ಹೋಗಬಹುದು; ಮನೆಯಲ್ಲಿ ನೇಯುವವನು ಹಬ್ಬ ಬಂದರೆ ಮಗ್ಗವನ್ನು ನಿಲ್ಲಿಸಬಹುದು. ಗಿರಣಿಯಲ್ಲಿ ಹಾಗಲ್ಲ. ಉಗಿಯಂತ್ರ ತಿರುಗತೊಡಗಿತೆಂದರೆ ಎಲ್ಲವೂ ಅದರ ತಾಳಕ್ಕೆ ಕುಣಿಯಬೇಕು. ಮುಂಜಾವಿನ ಸಿಳ್ಳಿನಿಂದ ಹಿಡಿದು ಹೊತ್ತು ಮುಳುಗುವತನಕ ಕೆಲಸ. ಆ ಕಾಲದಲ್ಲಿ ವಯಸ್ಕರ ದುಡಿಮೆಯ ಹೊತ್ತಿಗೆ ಕಾನೂನಿನ ಮಿತಿಯೇ ಇರಲಿಲ್ಲ. ಮಕ್ಕಳ ದುಡಿಮೆಗೆ ಮೊದಲ ಸಣ್ಣ ಕಡಿವಾಣ ಬಂದದ್ದು 1881ರ ಕಾರ್ಖಾನೆ ಕಾಯಿದೆಯಿಂದ; ಏಳು ವರ್ಷ ತುಂಬದ ಮಕ್ಕಳನ್ನು ಗಿರಣಿಗೆ ಸೇರಿಸಿಕೊಳ್ಳಬಾರದೆಂದು ಅದು ವಿಧಿಸಿತು. ಎಂದರೆ ಏಳು ತುಂಬಿದವರನ್ನು ಸೇರಿಸಿಕೊಳ್ಳಬಹುದೆಂದೇ ಆಯಿತು! ನಿಮ್ಮ ವಯಸ್ಸಿನವರು ಆಗ ಗಿರಣಿಯಲ್ಲಿ ದೊಡ್ಡವರ ಲೆಕ್ಕಕ್ಕೆ ಸೇರಿದ್ದರು.

ಇಂಥ ಕೆಲಸಕ್ಕೆ ಜನ ಬರುತ್ತಿದ್ದರು, ಆದರೆ ಬಿಟ್ಟುಬಿಟ್ಟು ಬರುತ್ತಿದ್ದರು. ನಾಗಪುರದ ಗಿರಣಿಯ ಸರಾಸರಿ ಹಾಜರಿ ನೂರಕ್ಕೆ ಎಂಬತ್ತರ ಸುಮಾರಿನಲ್ಲಿತ್ತು. ಯಾವುದೇ ದಿನ ನೋಡಿದರೂ ಹತ್ತು ಮಂದಿಯಲ್ಲಿ ಇಬ್ಬರು ಬಂದಿಲ್ಲ. ಮನೆಯಲ್ಲಿ ಮದುವೆ, ಊರಲ್ಲಿ ಜಾತ್ರೆ, ಹೊಲದಲ್ಲಿ ಸುಗ್ಗಿ, ಅಥವಾ ಕೈಯಲ್ಲಿ ನಾಲ್ಕು ಕಾಸು ಉಳಿದಿದೆ, ಇಂದೇಕೆ ದುಡಿಯಬೇಕು ಎಂಬ ನೆಮ್ಮದಿ.

ಹತ್ತರಲ್ಲಿ ಇಬ್ಬರು ತಾನೆ, ಎಂಟು ಮಂದಿಯ ಕೆಲಸವಂತೂ ನಡೆಯಿತಲ್ಲ ಎಂದು ನಿಮಗೆ ತೋರಬಹುದು. ಗಿರಣಿಯ ಗಣಿತ ಹಾಗಿರುವುದಿಲ್ಲ. ಅಲ್ಲಿ ಹತ್ತಿಯನ್ನು ಮೊದಲು ಬಿಡಿಸಿ ಕಸ ತೆಗೆಯುತ್ತಾರೆ. ಆಮೇಲೆ ಹಿಂಜಿ ಎಳೆಗಳನ್ನು ಒಂದೇ ದಿಕ್ಕಿಗೆ ತರುತ್ತಾರೆ. ಹಂಜಿಯನ್ನು ಹಂತಹಂತವಾಗಿ ಸಣ್ಣದಾಗಿ ಎಳೆದು ಕೊನೆಗೆ ಕದಿರುಗಳಲ್ಲಿ ನೂಲುತ್ತಾರೆ. ನೂಲು ಮಗ್ಗಕ್ಕೆ ಹೋಗುತ್ತದೆ. ಒಂದು ಹಂತದ ಕೈ ನಿಂತರೆ ಮುಂದಿನ ಹಂತ ಬಾಯಿ ಬಿಟ್ಟು ಕಾಯಬೇಕು. ನೂಲುವ ಯಂತ್ರದಲ್ಲಿ ಎಳೆ ಕಡಿಯುತ್ತಲೇ ಇರುತ್ತದೆ. ಕಡಿದ ಎಳೆಯನ್ನು ಒಡನೆಯೇ ಬೆರಳಿನಿಂದ ಸೇರಿಸುವವನಿಲ್ಲದಿದ್ದರೆ ಕದಿರು ಬರಿದೇ ತಿರುಗುತ್ತದೆ. ಆಳು ಬರಲಿ ಬಿಡಲಿ, ಕುಲುಮೆ ಅಷ್ಟೇ ಕಲ್ಲಿದ್ದಲನ್ನು ಉಣ್ಣುತ್ತದೆ. ಹಾಗೆಂದು ನಿತ್ಯವೂ ಬದಲಿ ಆಳುಗಳನ್ನು ಇಟ್ಟುಕೊಂಡರೆ ಅವರಿಗೆ ಕೆಲಸ ಪಳಗುವುದಿಲ್ಲ. ಪಳಗದ ಕೈಯಲ್ಲಿ ನೂಲು ದಪ್ಪಸಣ್ಣವಾಗುತ್ತದೆ.

ಮೊದಲ ವರ್ಷದ ತೊಡಕು ಇಷ್ಟೇ ಆಗಿರಲಿಲ್ಲ. 1877ರಲ್ಲಿಯೇ, ಎಂದರೆ ಗಿರಣಿ ಆರಂಭವಾದ ವರ್ಷವೇ, ಕೂಲಿಯ ದರ ಕುರಿತು ನೇಕಾರರು ಕೆಲಸ ನಿಲ್ಲಿಸಿದರು. ಭಾರತದ ಗಿರಣಿಗಳಲ್ಲಿ ನಡೆದ ಮೊಟ್ಟಮೊದಲ ಮುಷ್ಕರಗಳಲ್ಲಿ ಇದೂ ಒಂದೆಂದು ಕಾರ್ಮಿಕ ಚರಿತ್ರೆಯನ್ನು ಬರೆದವರು ಗುರುತಿಸಿದ್ದಾರೆ. ದೊಡ್ಡವರ ಜೀವನಚರಿತ್ರೆ ಬರೆಯುವವರು ಇಂತಹ ಸಂಗತಿಯನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ಹಾರಿಸುವುದು ತಪ್ಪು. ಜಮ್‌ಷೆಡ್‌ಜಿಯವರು ಮುಂದೆ ಮಾಡಿದ್ದೆಲ್ಲವೂ ಆಕಾಶದಿಂದ ಇಳಿದ ಕರುಣೆಯಲ್ಲ. ಬಾರದ ಆಳುಗಳೂ ನಿಂತ ಮಗ್ಗಗಳೂ ಅವರ ಮುಂದೆ ಒಂದು ಪ್ರಶ್ನೆಯನ್ನಿಟ್ಟಿದ್ದವು.

ಇದಕ್ಕೆ ಆ ಕಾಲದ ಉತ್ತರ ಸಿದ್ಧವಾಗಿಯೇ ಇತ್ತು. ಮುಂಬಯಿಯ ಗಿರಣಿಗಳಲ್ಲಿ ಆಳುಗಳನ್ನು ಹಿಡಿದು ತರುವವನು, ಕೆಲಸ ಹಂಚುವವನು, ಬೇಡವೆಂದಾಗ ಓಡಿಸುವವನು ಒಬ್ಬನೇ. ಅವನಿಗೆ ಜಾಬರ್ ಎಂದು ಹೆಸರು, ನಮ್ಮ ಕಡೆಯ ಮಾತಿನಲ್ಲಿ ಮೇಸ್ತ್ರಿ. ಕೆಲಸ ಬೇಕಾದವನು ಅವನ ಕೈ ಬೆಚ್ಚಗೆ ಮಾಡಬೇಕು. ತಡವಾಗಿ ಬಂದರೆ ಜುಲ್ಮಾನೆ, ಬಾರದಿದ್ದರೆ ಜುಲ್ಮಾನೆ, ನೂಲು ಕೆಟ್ಟರೆ ಜುಲ್ಮಾನೆ. ತಿಂಗಳ ಸಂಬಳವನ್ನು ಮುಂದಿನ ತಿಂಗಳು ಎಷ್ಟೋ ದಿನ ಕಳೆದಮೇಲೆ ಬಟವಾಡೆ ಮಾಡಿ, ಆ ಬಾಕಿಯ ಆಸೆಯಿಂದಲೇ ಆಳನ್ನು ಕಟ್ಟಿಹಾಕುವುದೂ ಒಂದು ಉಪಾಯವಾಗಿತ್ತು.

ನಾನು ಉಪಾಧ್ಯಾಯನಾಗಿ ಸೇರಿದ ಹೊಸದರಲ್ಲಿ ಹಳ್ಳಿಯ ಶಾಲೆಯೊಂದರಲ್ಲಿ ಇದೇ ಔಷಧವನ್ನು ಪ್ರಯೋಗಿಸಿದ್ದುಂಟು. ಸುಗ್ಗಿಯ ದಿನಗಳಲ್ಲಿ ತರಗತಿಯ ಕಾಲುಭಾಗ ಬರಿದಾಗುತ್ತಿತ್ತು. ಗೈರುಹಾಜರಾದ ದಿನಕ್ಕೆ ಒಂದಾಣೆಯ ಲೆಕ್ಕದಲ್ಲಿ ದಂಡ ಹಾಕಿದೆ. ಮರುವಾರ ಹುಡುಗರು ಬಂದರೇ? ದಂಡ ಕೊಡಲಾರದವರು ಶಾಲೆಯನ್ನೇ ಬಿಟ್ಟರು. ಅವರ ಮನೆಗಳಿಗೆ ಹೋಗಿ ವಿಚಾರಿಸಬೇಕೆಂಬ ಬುದ್ಧಿ ನನಗೆ ಬಂದದ್ದು ತಡವಾಗಿ. ಆದ್ದರಿಂದ ನಾಗಪುರದ ಸಂಗತಿಯನ್ನು ಓದುವಾಗ ನನಗೆ ಸ್ವಲ್ಪ ನಾಚಿಕೆಯೂ ಆಗುತ್ತದೆ.

ಜಮ್‌ಷೆಡ್‌ಜಿಯವರು ಜುಲ್ಮಾನೆಯ ದಾರಿಯನ್ನು ಹಿಡಿಯಲಿಲ್ಲ. ಕೂಲಿಕಾರ ಏಕೆ ಬರುವುದಿಲ್ಲ ಎಂಬುದಕ್ಕಿಂತ, ಅವನು ಏಕೆ ಬರಬೇಕು ಎಂಬ ಕಡೆಯಿಂದ ಅವರು ಯೋಚಿಸಿದಂತೆ ತೋರುತ್ತದೆ. ದಿನಗೂಲಿಯ ಮನುಷ್ಯನಿಗೆ ಗಿರಣಿ ಕೊಡುವುದು ಈ ಹೊತ್ತಿನ ಅನ್ನ ಮಾತ್ರ. ಕೈ ನಡುಗುವ ವಯಸ್ಸಿಗೆ ಅವನಿಗೆ ಅಲ್ಲಿ ಸ್ಥಳವಿಲ್ಲ. ಪಟ್ಟಿಗೆ ಸಿಕ್ಕಿ ಬೆರಳು ಹೋದರೆ ಅಂದಿಗೇ ಅವನ ಲೆಕ್ಕ ಮುಗಿಯಿತು. ಆದರೆ ಊರಿನ ನೆಂಟರು, ಜಾತಿಯವರು, ಎರಡು ಗುಂಟೆ ಹೊಲ, ಇವು ಅವನ ಮುಪ್ಪಿಗೆ ಆಸರೆ. ಮದುವೆಗೆ ಹೋಗದೆ ಗಿರಣಿಗೆ ಬಂದು ನೆಂಟರನ್ನು ಕಳೆದುಕೊಂಡರೆ ಕಷ್ಟಕಾಲದಲ್ಲಿ ಗಿರಣಿ ಬಂದು ಕೈ ಹಿಡಿಯುತ್ತದೆಯೆ? ಹೀಗೆ ನೋಡಿದರೆ ಆ ಗೈರುಹಾಜರಿ ಸೋಮಾರಿತನವಲ್ಲ, ಲೆಕ್ಕಾಚಾರ. ಆ ಲೆಕ್ಕವನ್ನು ಬದಲಾಯಿಸಬೇಕಾದರೆ ಗಿರಣಿಯೂ ಅವನ ನಾಳೆಯ ಹೊಣೆಯನ್ನು ಸ್ವಲ್ಪವಾದರೂ ಹೊರಬೇಕು.

ಎಂಪ್ರೆಸ್ ಗಿರಣಿಯಲ್ಲಿ 1886ರಲ್ಲಿ ನಿವೃತ್ತಿ ವೇತನದ ನಿಧಿಯೊಂದು ಏರ್ಪಟ್ಟಿತು. 1895ರಿಂದ, ಕೆಲಸದಲ್ಲಿ ಅಪಘಾತಕ್ಕೆ ಒಳಗಾದವರಿಗೆ ಪರಿಹಾರ ಕೊಡುವ ಪದ್ಧತಿ ಬಂದಿತು. ಈ ವರ್ಷಗಳನ್ನು ಸ್ವಲ್ಪ ಗಮನಿಸಿರಿ. ಅಪಘಾತಕ್ಕೆ ಪರಿಹಾರ ಕೊಡಲೇಬೇಕೆಂಬ ಕಾನೂನು ನಮ್ಮ ದೇಶದಲ್ಲಿ ಆದದ್ದು 1923ರಲ್ಲಿ. ಕಾರ್ಖಾನೆಗಳ ನೌಕರರಿಗೆ ಭವಿಷ್ಯನಿಧಿ ಇರಬೇಕೆಂಬ ಕಾನೂನು ಬಂದದ್ದು ಸ್ವಾತಂತ್ರ್ಯಾನಂತರ, 1952ರಲ್ಲಿ. ಯಾರೂ ಹೇಳದಿದ್ದಾಗ, ಯಾವ ಕಾಯಿದೆಯೂ ಒತ್ತಾಯಿಸದಿದ್ದಾಗ ನಾಗಪುರದಲ್ಲಿ ಒಬ್ಬ ಯಜಮಾನ ಅದನ್ನು ಮಾಡಿದ್ದರು.

ಬಹುಮಾನದ ದಿನಗಳೂ ನಾಗಪುರದ ಗಿರಣಿಯ ಒಂದು ವಿಶೇಷವಾಗಿದ್ದವು. ಆ ದಿನ ಕೂಲಿಕಾರರು ಮನೆಮಂದಿಯೊಡನೆ ಸೇರುತ್ತಿದ್ದರು. ಆಟಪಾಟಗಳು ನಡೆಯುತ್ತಿದ್ದವು. ಚೆನ್ನಾಗಿ ದುಡಿದವರನ್ನು ಎಲ್ಲರೆದುರಿಗೆ ಕರೆದು ಚಿನ್ನದ ಸರ, ಗಡಿಯಾರ, ಬೆಲೆಬಾಳುವ ಬಟ್ಟೆ ಮೊದಲಾದ ಇನಾಮುಗಳನ್ನು ಕೊಡುತ್ತಿದ್ದರು. ಗಡಿಯಾರದ ಬೆಲೆ ಇಂದಿನ ನಿಮಗೆ ತಿಳಿಯುವುದು ಕಷ್ಟ. ಇಡೀ ಹಳ್ಳಿಗೆ ಒಂದು ಗಡಿಯಾರವಿಲ್ಲದ ಕಾಲವದು. ಅದನ್ನು ತೊಟ್ಟು ಮನೆಗೆ ಹೋದವನ ನಡಿಗೆ ಹೇಗಿದ್ದಿರಬೇಕೆಂದು ಊಹಿಸಿಕೊಳ್ಳಿರಿ. ಕೂಲಿಯನ್ನು ಎಲ್ಲ ಯಜಮಾನರೂ ಕೊಡುತ್ತಾರೆ. ಹೆಂಡತಿಮಕ್ಕಳ ಮುಂದೆ ಹೆಸರು ಹಿಡಿದು ಕರೆಯುವ ಯಜಮಾನರು ಎಷ್ಟು ಮಂದಿ? ಇನಾಮನ್ನು ಕೊಟ್ಟು ಕೂಲಿಯನ್ನು ಕಡಮೆಮಾಡುವ ಜಾಣರೂ ಲೋಕದಲ್ಲಿದ್ದಾರೆ. ಆ ಗುಮಾನಿ ಇರಬೇಕಾದದ್ದೇ. ಆದರೆ ಇಲ್ಲಿ ಇನಾಮಿನ ಹಿಂದೆ ನಿವೃತ್ತಿ ವೇತನದ ನಿಧಿಯೂ ನಿಂತಿತ್ತೆಂಬುದನ್ನು ಮರೆಯಬಾರದು.

ಗಿರಣಿಯ ಒಳಗಿನ ಗಾಳಿಯ ಕಡೆಗೂ ಜಮ್‌ಷೆಡ್‌ಜಿಯವರ ಗಮನ ಹರಿಯಿತು. ಹತ್ತಿಯ ಧೂಳು, ಯಂತ್ರಗಳ ಕಾವು, ನಾಗಪುರದ ಬೇಸಗೆ, ಈ ಮೂರೂ ಸೇರಿದರೆ ಅಲ್ಲಿ ನಿಲ್ಲುವುದೇ ಕಷ್ಟ. ಅವರು ಗಾಳಿಯಾಡುವ ಏರ್ಪಾಡನ್ನೂ ಗಾಳಿಗೆ ತೇವ ಕೊಡುವ ಸಾಧನಗಳನ್ನೂ ಹಾಕಿಸಿದರು. ಒಣಗಾಳಿಯಲ್ಲಿ ನೂಲು ಬೇಗ ಕಡಿಯುತ್ತದೆಯಾದ್ದರಿಂದ ಇದರಿಂದ ನೂಲಿಗೂ ಲಾಭ, ನೂಲುವವನ ಉಸಿರಿಗೂ ಲಾಭ. ಬೆಂಕಿ ಹತ್ತಿದರೆ ಮೇಲಿನಿಂದ ತಾನಾಗಿಯೇ ನೀರು ಸುರಿಯುವ ಕೊಳವೆಗಳನ್ನೂ ಜೋಡಿಸಿದರು. ಹತ್ತಿ ಗಿರಣಿಗೆ ಬೆಂಕಿಗಿಂತ ದೊಡ್ಡ ಶತ್ರುವಿಲ್ಲ.

ಇನ್ನು ಕೆಲಸ ಕಲಿಸುವ ವಿಷಯ. ಗಿರಣಿಯ ಆಡಳಿತಕ್ಕೆ ಅವರು ಆರಿಸಿದ್ದು ಬೆಜೋನ್‌ಜಿ ದಾದಾಭಾಯಿ ಮೆಹತಾ ಎಂಬವರನ್ನು. ಮೆಹತಾ ರೈಲ್ವೆಯಲ್ಲಿ ಸರಕು ಸಾಗಣೆಯ ಅಧಿಕಾರಿಯಾಗಿದ್ದವರು. ನೂಲಿನ ವಿಷಯ ಅವರಿಗೆ ತಿಳಿಯದು. ನೆರೆಹೊರೆಯವರು ನಕ್ಕಿದ್ದರೆ ಆಶ್ಚರ್ಯವಿಲ್ಲ. ಆದರೆ ಸಾವಿರಾರು ಮೂಟೆಗಳನ್ನು ಹೊತ್ತಿಗೆ ಸರಿಯಾಗಿ ಊರಿಂದೂರಿಗೆ ಮುಟ್ಟಿಸಿ, ನೂರಾರು ಜನರ ಕೈಯಿಂದ ಕೆಲಸ ತೆಗೆದವನಿಗೆ ಗಿರಣಿಯನ್ನು ಕಲಿಸಬಹುದು; ಜನರನ್ನು ನಡೆಸಲು ಬಾರದ ನೂಲಿನ ಪಂಡಿತನಿಗೆ ಆ ವಿದ್ಯೆಯನ್ನು ಕಲಿಸುವುದು ಕಷ್ಟ. ಯಂತ್ರದ ಜ್ಞಾನಕ್ಕಾಗಿ ಲ್ಯಾಂಕಾಷೈರಿನ ಜೇಮ್ಸ್ ಬ್ರೂಕ್ಸ್‌ಬಿ ಎಂಬ ತಜ್ಞರನ್ನು ತರಿಸಿದರು. ಈ ಇಬ್ಬರ ಕೈಗೆ ದಿನದ ಆಡಳಿತವನ್ನು ಒಪ್ಪಿಸಿ, ಅನಗತ್ಯವಾಗಿ ಅದರಲ್ಲಿ ತಲೆಹಾಕದೆ ಇದ್ದುದು ಜಮ್‌ಷೆಡ್‌ಜಿಯವರ ಇನ್ನೊಂದು ಗುಣ. ಯಜಮಾನಿಕೆಯಲ್ಲಿ ಸುಮ್ಮನಿರುವುದು ಎಲ್ಲರಿಗೂ ಸಾಧ್ಯವಾಗುವುದಿಲ್ಲ.

ಆ ವೇಳೆಗೆ ಅಮೆರಿಕದಲ್ಲಿ ರಿಂಗ್ ಎಂಬ ಹೊಸ ಬಗೆಯ ನೂಲುವ ಯಂತ್ರ ಬಂದಿತ್ತು. ಹಳೆಯ ಮ್ಯೂಲ್ ಯಂತ್ರ ಮೊದಲು ಎಳೆಯುತ್ತದೆ, ಆಮೇಲೆ ನಿಂತು ಸುತ್ತುತ್ತದೆ. ಅದನ್ನು ನಡೆಸಲು ಬಹಳ ಪಳಗಿದ ಕೈ ಬೇಕು. ರಿಂಗ್ ಯಂತ್ರವಾದರೋ ಎಳೆಯುವುದನ್ನೂ ಸುತ್ತುವುದನ್ನೂ ಒಟ್ಟಿಗೇ, ಬಿಡುವಿಲ್ಲದೆ ಮಾಡುತ್ತದೆ. ಹೊಸಬರೂ ಅದನ್ನು ಬೇಗ ಕಲಿಯಬಲ್ಲರು. ಲ್ಯಾಂಕಾಷೈರಿನವರು ತಮ್ಮ ಹಳೆಯ ಯಂತ್ರವನ್ನು ಬಿಡಲೊಲ್ಲದೆ ಹೊಸದನ್ನು ಅನುಮಾನದಿಂದ ನೋಡುತ್ತಿದ್ದಾಗ ಜಮ್‌ಷೆಡ್‌ಜಿಯವರು ನಾಗಪುರದಲ್ಲಿ ಅದನ್ನು ಪರೀಕ್ಷಿಸಿ, ಹಿಡಿಸಿದ ಮೇಲೆ ವಿಸ್ತರಿಸಿದರು. ಗಿರಣಿಯ ತಾಂತ್ರಿಕ ಕೆಲಸವೆಲ್ಲ ವಿದೇಶೀಯರ ಪಾಲೆಂಬ ಭಾವನೆ ಬಲವಾಗಿದ್ದ ಆ ದಿನಗಳಲ್ಲಿ ಓದಿದ ಭಾರತೀಯ ತರುಣರನ್ನು ಶಿಷ್ಯರನ್ನಾಗಿ ತೆಗೆದುಕೊಂಡು, ಗಿರಣಿಯ ವಿಭಾಗಗಳಲ್ಲಿ ತರಬೇತು ಕೊಡುವ ಪದ್ಧತಿಯನ್ನೂ ಆರಂಭಿಸಿದರು. ಪದವಿ ಪಡೆದವನು ಎಣ್ಣೆ ಮೆತ್ತಿದ ಯಂತ್ರದ ಬಳಿ ನಿಂತು ಕೆಲಸ ಕಲಿಯುವುದು ನಮ್ಮ ಸಮಾಜದಲ್ಲಿ ಸಣ್ಣ ಮಾತಾಗಿರಲಿಲ್ಲ; ಇಂದಿಗೂ ಅಲ್ಲವೇನೋ.

ಹೀಗೆ ಪಳಗಿದ ಜನ ಎಷ್ಟು ದೊಡ್ಡ ಆಸ್ತಿ ಎಂಬುದು 1886ರಲ್ಲಿ ಗೊತ್ತಾಯಿತು. ಆ ವರ್ಷ ಜಮ್‌ಷೆಡ್‌ಜಿಯವರು ಮುಂಬಯಿಯ ಕುರ್ಲಾದಲ್ಲಿ ಮುಳುಗಿಹೋಗಿದ್ದ ಧರಮ್‌ಸಿ ಗಿರಣಿಯನ್ನು ಹನ್ನೆರಡೂವರೆ ಲಕ್ಷ ರೂಪಾಯಿಗೆ ಕೊಂಡು ಅದಕ್ಕೆ ಸ್ವದೇಶಿ ಎಂದು ಹೆಸರಿಟ್ಟರು. ಸ್ವದೇಶಿ ಚಳವಳಿ ಹುಟ್ಟಲು ಇನ್ನೂ ಹತ್ತೊಂಬತ್ತು ವರ್ಷವಿತ್ತು. ಅಗ್ಗಕ್ಕೆ ಸಿಕ್ಕಿತೆಂದು ಕೊಂಡದ್ದು ಕೊರಳಿಗೆ ಉರುಳಾಯಿತು. ಯಂತ್ರಗಳು ಸವೆದಿದ್ದವು, ನೂಲು ಕಳಪೆಯಾಗಿತ್ತು, ಷೇರುಗಳ ಬೆಲೆ ಇಳಿಯಿತು, ಬ್ಯಾಂಕು ಸಾಲ ಕೊಡಲು ಹಿಂದೆಗೆಯಿತು. ಟಾಟಾ ಅವರ ಹೆಸರೇ ಅಳಿದುಹೋಗುವ ಹಾಗಿತ್ತು. ಕುಟುಂಬಕ್ಕೆಂದು ಇಟ್ಟಿದ್ದ ಹಣವನ್ನು ಅವರು ಗಿರಣಿಗೆ ಹಾಕಿದರು. ಆದರೆ ಹಣ ಸುರಿದ ಮಾತ್ರಕ್ಕೆ ಕೆಟ್ಟ ಗಿರಣಿ ನೆಟ್ಟಗಾಗುವುದಿಲ್ಲ. ನಾಗಪುರದಲ್ಲಿ ಪಳಗಿದ್ದ ಜನರನ್ನು ಕುರ್ಲಾಕ್ಕೆ ಕರೆಸಿದರು. ಯಂತ್ರಗಳನ್ನು ಒಂದೊಂದಾಗಿ ಸರಿಪಡಿಸಿದರು, ಕೆಲವನ್ನು ಬದಲಾಯಿಸಿದರು. ಕೆಲವು ವರ್ಷಗಳಲ್ಲಿ ಗಿರಣಿ ಎದ್ದು ನಿಂತಿತು.

ಇಷ್ಟರಲ್ಲಿ ಜಮ್‌ಷೆಡ್‌ಜಿಯವರ ಮನಸ್ಸು ಬೇರೆ ದೊಡ್ಡ ಕೆಲಸಗಳ ಕಡೆಗೆ ತಿರುಗಿತ್ತು. 1892ರಲ್ಲಿ ಅವರು ಪ್ರತಿಭಾವಂತ ತರುಣರು ಹೊರದೇಶಗಳಲ್ಲಿ ಉನ್ನತ ವ್ಯಾಸಂಗ ಮಾಡಲೆಂದು ನಿಧಿಯೊಂದನ್ನು ಸ್ಥಾಪಿಸಿದರು. ಅದು ದಾನವಲ್ಲ, ಸಾಲ. ಓದಿ ಮುಂದೆ ಬಂದವನು ಹಿಂದಿರುಗಿಸಬೇಕು, ಆ ಹಣದಿಂದ ಮತ್ತೊಬ್ಬನು ಓದಬೇಕು. ಬಳಿಕ ಉಕ್ಕಿನ ಕಾರ್ಖಾನೆಯ ಯೋಜನೆ. ಅದಕ್ಕೆ ಇನ್ನೂ ಸ್ಥಳವೇ ಗೊತ್ತಾಗಿರದಿದ್ದಾಗ, 1902ರಲ್ಲಿ, ಪರದೇಶದಲ್ಲಿದ್ದ ಅವರು ಮಗ ದೊರಾಬ್‌ಜಿಗೆ ಒಂದು ಪತ್ರ ಬರೆದರು. ಕುಲುಮೆ, ಅದಿರುಗಳ ಮಾತನ್ನು ಬದಿಗಿಟ್ಟು, ಅಲ್ಲಿ ದುಡಿಯಲು ಬರುವವರ ಊರು ಹೇಗಿರಬೇಕೆಂಬುದನ್ನು ಅದರಲ್ಲಿ ವಿವರಿಸಿದ್ದರು. ಬೀದಿಗಳು ಅಗಲವಾಗಿರಬೇಕು, ಅವುಗಳ ಬದಿಗೆ ನೆರಳಿನ ಮರಗಳಿರಬೇಕು, ಅವುಗಳಲ್ಲಿ ಬೇಗ ಬೆಳೆಯುವ ಜಾತಿಯವೂ ಇರಬೇಕು. ಹುಲ್ಲುಹಾಸು, ತೋಟ, ಚೆಂಡಾಟದ ಬಯಲುಗಳಿಗೆ ಸ್ಥಳ ಬಿಡಬೇಕು. ದೇವಸ್ಥಾನ, ಮಸೀದಿ, ಇಗರ್ಜಿ ಎಲ್ಲಕ್ಕೂ ಜಾಗವಿರಬೇಕೆಂಬುದು ಅವರ ಸೂಚನೆಯಾಗಿತ್ತು. ನಾಗಪುರದಲ್ಲಿ ಹತ್ತರಲ್ಲಿ ಇಬ್ಬರು ಏಕೆ ಬರುತ್ತಿರಲಿಲ್ಲವೆಂಬುದನ್ನು ಬಲ್ಲವರು ಮಾತ್ರ ಕಾರ್ಖಾನೆಗೆ ಮುಂಚೆ ಮರದ ನೆರಳನ್ನು ಯೋಚಿಸಬಲ್ಲರು.

ಆ ಊರನ್ನು ಅವರು ಕಾಣಲಿಲ್ಲ. 1904ನೆಯ ಇಸವಿ ಮೇ 19ರಂದು ಜರ್ಮನಿಯ ಬಾಡ್ ನಾಹೈಮ್‌ನಲ್ಲಿ ತೀರಿಕೊಂಡರು. ಇಂಗ್ಲೆಂಡಿನ ಬ್ರೂಕ್‌ವುಡ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. 1907ರಲ್ಲಿ ಉಕ್ಕಿನ ಕಂಪೆನಿ ಸ್ಥಾಪನೆಯಾಯಿತು. 1912ರಲ್ಲಿ ಸಾಕ್ಚಿ ಎಂಬ ಹಳ್ಳಿಯ ಬಳಿ ಮೊದಲ ಉಕ್ಕು ಹೊರಬಂದಿತು. ಅದೇ ವರ್ಷ ಅಲ್ಲಿ ದಿನಕ್ಕೆ ಎಂಟು ಗಂಟೆಗಳ ಕೆಲಸದ ನಿಯಮ ಜಾರಿಗೆ ಬಂದಿತು. ಸರ್ಕಾರದ ಕಾಯಿದೆ ಅದರ ಹಿಂದಿನ ವರ್ಷವಷ್ಟೇ ಬಟ್ಟೆಯ ಗಿರಣಿಗಳ ಗಂಡಸರಿಗೆ ಹನ್ನೆರಡು ಗಂಟೆಯ ಮಿತಿಯನ್ನು ಹಾಕಿತ್ತು. 1919ರಲ್ಲಿ ಸಾಕ್ಚಿಗೆ ಜಮ್‌ಷೆಡ್‌ಪುರ ಎಂದು ಹೆಸರಾಯಿತು. ಮರದ ನೆರಳಿದ್ದ ಮಾತ್ರಕ್ಕೆ ಅಲ್ಲಿ ಎಲ್ಲವೂ ಸುಖವಾಗಿತ್ತೆಂದು ತಿಳಿಯಬಾರದು. 1920ರಲ್ಲಿಯೂ 1922ರಲ್ಲಿಯೂ 1928ರಲ್ಲಿಯೂ ಅಲ್ಲಿ ದೊಡ್ಡ ಮುಷ್ಕರಗಳಾದವು. ಯಜಮಾನನು ಕೊಟ್ಟದ್ದನ್ನು ಪಡೆದು ಸುಮ್ಮನಿರುವುದಕ್ಕಿಂತ, ತಮ್ಮ ಪಾಲನ್ನು ತಾವೇ ಕೇಳಿ ಪಡೆಯಬೇಕೆಂದು ಕಾರ್ಮಿಕರು ಬಯಸಿದ್ದರು. ಅದೂ ನ್ಯಾಯವೇ.

ನಮ್ಮ ನಾಡಿಗೂ ಈ ಮಹನೀಯರಿಗೂ ಇರುವ ನಂಟನ್ನು ಹೇಳದೆ ಈ ಪಾಠವನ್ನು ಮುಗಿಸುವಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗಾಗಿ ಅವರು ತಮ್ಮ ಆಸ್ತಿಯಲ್ಲಿ ದೊಡ್ಡ ಪಾಲನ್ನು ತೆಗೆದಿಟ್ಟರು. ಮೈಸೂರು ಸಂಸ್ಥಾನ ಅದಕ್ಕೆ 371 ಎಕರೆ ನೆಲವನ್ನು ಕೊಟ್ಟಿತು. ಅವರು ತೀರಿಕೊಂಡ ಐದು ವರ್ಷಕ್ಕೆ, 1909ರಲ್ಲಿ, ಅದು ಸ್ಥಾಪನೆಯಾಯಿತು. ಇದು ಎಲ್ಲರಿಗೂ ತಿಳಿದ ಸಂಗತಿ. ಅಷ್ಟಾಗಿ ತಿಳಿಯದ ಇನ್ನೊಂದು ಸಂಗತಿಯುಂಟು. ಮೈಸೂರು ಸೀಮೆಯ ರೇಷ್ಮೆಯ ಕಸುಬು ರೋಗಗಳಿಂದ ಕುಗ್ಗಿಹೋಗಿದ್ದ ಕಾಲದಲ್ಲಿ, ಕಳೆದ ಶತಮಾನಕ್ಕೆ ಮುಂಚಿನ ಕೊನೆಯ ವರ್ಷಗಳಲ್ಲಿ, ಜಮ್‌ಷೆಡ್‌ಜಿಯವರು ಬೆಂಗಳೂರಿನ ದಕ್ಷಿಣಕ್ಕೆ ರೇಷ್ಮೆಯ ತೋಟವೊಂದನ್ನು ಮಾಡಿಸಿದರು. ಜಪಾನಿನಿಂದ ತಜ್ಞರನ್ನು ಕರೆಸಿ, ಹಿಪ್ಪುನೇರಳೆ ಬೆಳೆಯುವುದು, ಹುಳು ಸಾಕುವುದು, ಗೂಡಿನಿಂದ ನೂಲು ತೆಗೆಯುವುದು ಇವೆಲ್ಲವನ್ನೂ ಹೊಸ ಕ್ರಮದಲ್ಲಿ ಇಲ್ಲಿನವರಿಗೆ ಕಲಿಸಲು ಏರ್ಪಾಡು ಮಾಡಿದರು. ತೋಟ 1910ರಲ್ಲಿ ಬೇರೆಯವರ ಕೈಗೆ ಹೋಯಿತು. ಈಗ ಅಲ್ಲಿ ಹಿಪ್ಪುನೇರಳೆಯೂ ಇಲ್ಲ, ಹುಳುವೂ ಇಲ್ಲ. ಮನೆಗಳೂ ಅಂಗಡಿಗಳೂ ತುಂಬಿವೆ. ಬಸವನಗುಡಿಯ ಕಡೆಯ ಬಸ್ಸು ಅಲ್ಲಿಗೆ ಬಂದಾಗ ಮಾತ್ರ ಕಂಡಕ್ಟರು ಟಾಟಾ ಸಿಲ್ಕ್ ಫಾರ್ಮ್ ಎಂದು ಕೂಗುತ್ತಾರೆ.